ಡಾಕ್ಟರ್ ಪಾಸ್, ಬಿಲ್ಡ್ ಫೇಲ್

ಕಲಬುರಗಿ
ಏಪ್ರಿಲ್ 19, 2025, ಶನಿವಾರ ರಾತ್ರಿ

ಸಂಜೆ ಎರಡು ಸಲ ಕರೆಂಟ್ ಹೋಯ್ತು. ಬ್ರಹ್ಮಪುರದಲ್ಲಿ ಇತ್ತಂತೆ, ನಮ್ಮ ಓಣಿಗೆ ಮಾತ್ರ ಇಲ್ಲ. ಸೆಕೆಗೆ ಗೋಡೆ ಮುಟ್ಟಿದರೂ ಹಂಚು ಮುಟ್ಟಿದ ಹಾಗೆ. ಅಷ್ಟರಲ್ಲಿ ಮೇಲಿನ ಮನೆ ಹುಡುಗ ಇಳಿದು ಬಂದ. ವಿಂಡೋಸ್ ಕಂಪ್ಯೂಟರಿನಲ್ಲಿ ಫ್ಲಟರ್ ಎಂಬ ಸಾಧನ ಹಾಕಿಕೊಂಡು ಆ್ಯಪ್ ಮಾಡುತ್ತಿದ್ದಾನೆ. ಬೇಕಾದದ್ದೆಲ್ಲ ಕಂಪ್ಯೂಟರಿನಲ್ಲಿ ಇದೆಯೇ ಎಂದು ನೋಡುವ ಅದರ ಕಮಾಂಡಿಗೆ ಡಾಕ್ಟರ್ ಅಂತ ಹೆಸರು; ಕೋಡಿನಿಂದ ಆ್ಯಪ್ ಕಟ್ಟುವುದೇ ಬಿಲ್ಡ್.

"ಕಾಕಾ, ಫ್ಲಟರ್ ಡಾಕ್ಟರ್ ಎಲ್ಲಾ ಹಸಿರು ತೋರಿಸ್ಲತ್ತದ. ಆದ್ರೂ ಆ್ಯಪ್ ಬಿಲ್ಡ್ ಆಗ್ವಲ್ದು. ಎಲ್ಲಾ ತೆಗೆದು ಮತ್ತ ಹಾಕ್ಲೇನ್ರಿ?"

"ಏನೂ ತೆಗಿಬ್ಯಾಡ. ಎರರ್‌ನಾಗ ಏನದ, ಅದು ಹೇಳು."

ಜಿಪ್ ಎಂಡ್ ಹೆಡರ್ ನಾಟ್ ಫೌಂಡ್, ಅಂದರೆ ಜಿಪ್ ಫೈಲಿನ ಕೊನೆಯ ಭಾಗ ಸಿಗುತ್ತಿಲ್ಲ. ಅಲ್ಲಿಗೆ ರೋಗ ಗೊತ್ತಾಯ್ತು. ಡಾಕ್ಟರ್ ನೋಡುವುದು ಆ್ಯಂಡ್ರಾಯ್ಡ್ ಎಸ್‌ಡಿಕೆ (ಆ್ಯಂಡ್ರಾಯ್ಡ್ ಆ್ಯಪ್ ಕಟ್ಟುವ ಸಲಕರಣೆ) ಇದೆಯೇ, ಅದರ ಲೈಸೆನ್ಸಿಗೆ ಒಪ್ಪಿಗೆ ಕೊಟ್ಟಾಗಿದೆಯೇ ಎಂಬಂಥದ್ದನ್ನು. ಮೊದಲ ಬಿಲ್ಡ್ ಹೊತ್ತಿಗೆ ಇಳಿಯುವ ಗ್ರೇಡಲ್ (ಆ್ಯಂಡ್ರಾಯ್ಡ್ ಬಿಲ್ಡ್ ಮಾಡುವ ಸಾಧನ) ಜಿಪ್ಪನ್ನು ಅದು ಬಿಚ್ಚಿ ನೋಡುವುದಿಲ್ಲ. 100 ಎಂಬಿ ದಾಟುವ ಫೈಲು ಅದು. ನಡುವೆ ಕರೆಂಟ್ ಹೋದರೆ ಮುರುಕು ಫೈಲು ಅಲ್ಲೇ ಕೂತಿರುತ್ತದೆ. ಎಲ್ಲರೂ ಹೇಳುವ ಫ್ಲಟರ್ ಕ್ಲೀನ್ ಕಮಾಂಡು ಇಲ್ಲಿ ನಡೆಯದು. ಅದು ಪ್ರಾಜೆಕ್ಟಿನೊಳಗಿನ ಬಿಲ್ಡ್ ಫೋಲ್ಡರ್ ಅಳಿಸುತ್ತದೆ, ಈ ಜಿಪ್ ಇರುವುದು ಸಿ ಡ್ರೈವಿನ ಯೂಸರ್ ಫೋಲ್ಡರಿನಲ್ಲಿ.

ಎಡಿಟರ್ ಮುಚ್ಚಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಓಪನ್‌ಜೆಡಿಕೆ (ಗ್ರೇಡಲ್ ಓಡಿಸುವ ಜಾವಾ) ಇನ್ನೂ ಓಡುತ್ತಿದ್ದರೆ ನಿಲ್ಲಿಸಬೇಕು, ಇಲ್ಲದಿದ್ದರೆ ವಿಂಡೋಸ್ ಅಳಿಸಗೊಡುವುದಿಲ್ಲ. ಆಮೇಲೆ ಯೂಸರ್ ಫೋಲ್ಡರಿನ ಡಾಟ್ ಗ್ರೇಡಲ್, ಅದರೊಳಗೆ ವ್ರ್ಯಾಪರ್, ಅದರೊಳಗೆ ಡಿಸ್ಟ್ಸ್. ಅಲ್ಲಿ ಆ ಆವೃತ್ತಿಯ ಫೋಲ್ಡರ್ ಒಂದನ್ನೇ ಅಳಿಸಿ ಫ್ಲಟರ್ ರನ್ ಕೊಟ್ಟರೆ ಹೊಸದಾಗಿ ಇಳಿಯುತ್ತದೆ. ಲ್ಯಾಪ್‌ಟಾಪಿಗಾದರೆ ಬ್ಯಾಟರಿ ಇದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು, ರೌಟರನ್ನೂ ಅದಕ್ಕೇ ಸಿಕ್ಕಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಫ್ಲಟರ್ ಎಸ್‌ಡಿಕೆಯನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಬಿಚ್ಚಿಲ್ಲ ತಾನೆ ಅಂತ ಕೇಳಿದೆ. ಇಲ್ಲ, ಡಿ ಡ್ರೈವಿನಲ್ಲಿದೆ. ಜಾಣ. ಪ್ರೋಗ್ರಾಂ ಫೈಲ್ಸ್ ಹೆಸರಿನ ನಡುವೆ ಖಾಲಿ ಜಾಗ ಇದೆ, ಬರೆಯಲು ಅಡ್ಮಿನ್ ಅನುಮತಿಯೂ ಬೇಕು. ಎರಡೂ ಫ್ಲಟರಿಗೆ ಆಗಿಬರುವುದಿಲ್ಲ. ವಿಂಡೋಸ್ ಆ್ಯಪ್ ಮಾಡಬೇಕೆಂದರೆ ಮಾತ್ರ ವಿಷುಯಲ್ ಸ್ಟುಡಿಯೋ ಹಾಕಿ, ಸಿ ಪ್ಲಸ್ ಪ್ಲಸ್ ಡೆಸ್ಕ್‌ಟಾಪ್ ಭಾಗಕ್ಕೆ ಟಿಕ್ ಕೊಡಬೇಕು. ವಿಎಸ್ ಕೋಡ್ ಎಂಬ ಎಡಿಟರ್ ಬೇರೆ, ಇದು ಬೇರೆ. ಆ ಆ್ಯಪಿಗೆ ಪ್ಲಗಿನ್ (ಸಿದ್ಧವಾಗಿ ಸಿಗುವ ಕೋಡಿನ ಭಾಗ) ಸೇರಿಸಿದರೆ ವಿಂಡೋಸಿನ ಡೆವಲಪರ್ ಮೋಡ್ ಕೂಡ ಆನ್ ಇರಬೇಕು.

ರೊಟ್ಟಿ ಆರಿ ಹಪ್ಪಳ ಆಗಿತ್ತು. ಇರಲಿ, ಮೊಸರಿತ್ತು.

ಈಗ ಮೆಸೇಜ್ ಬಂತು: "ಇಳಿಲತ್ತದ ಕಾಕಾ." ಅವನದು 8 ಜಿಬಿ ರ‍್ಯಾಮ್, ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನು) ಹಚ್ಚಿದರೆ ಉಸಿರುಗಟ್ಟುತ್ತದೆ. ಆ್ಯಪನ್ನು ಫೋನಿನಲ್ಲೇ ಓಡಿಸು, ಅದಕ್ಕೆ ಫೋನಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಯುಎಸ್‌ಬಿ ಡೀಬಗಿಂಗ್ ಆನ್ ಮಾಡು ಅಂತ ಬರೆದೆ. ಕೇಬಲ್ ಯಾವುದಿದೆಯೋ ಕೇಳಲಿಲ್ಲ. ಬರೀ ಚಾರ್ಜಿಂಗಿನದ್ದಾದರೆ ಪಟ್ಟಿಯಲ್ಲಿ ಫೋನೇ ಕಾಣುವುದಿಲ್ಲ, ಆಗ ಮತ್ತೆ ಎಲ್ಲಾ ತೆಗೆದು ಹಾಕ್ಲೇನ್ರಿ ಅಂತ...