ಪದ್ಮಿನಿಯ ಕಿಟಕಿ ಹಿಡಿ: ಆರನೆಯ ಪ್ರತಿ ಉಳಿದುಕೊಂಡಿತು

ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿನ ಎಡಬಾಗಿಲಿಗೆ, 3ಡಿ ಪ್ರಿಂಟರಿನಲ್ಲಿ ಮುದ್ರಿಸಿದ ಗಾಜು ಏರಿಸುವ ಹಿಡಿಯನ್ನು ಜೋಡಿಸಿ ಒಂಬತ್ತು ದಿನಗಳಾದವು, ಇನ್ನೂ ಮುರಿದಿಲ್ಲ. ಅಳತೆ ತೆಗೆದದ್ದು, ಮಾದರಿ ಬಿಡಿಸಿದ್ದು, ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ ಮೊದಲ ಪ್ರತಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಬಾಗಿದ್ದು, ಇವೆಲ್ಲ ನೀವೂ ಪಟ್ಟ ಪಾಡೇ ಆದ್ದರಿಂದ ಬಿಡುತ್ತೇನೆ. ಎರಡನೆಯದರಿಂದ, ಬಿಸಿಲು ತಾಳುವ ಎಎಸ್‌ಎ ಪ್ಲಾಸ್ಟಿಕ್ ಬಳಸಿದೆ.

ತಕರಾರೆಲ್ಲ, ಬಾಗಿಲಿನ ತಿರುಗುಕಡ್ಡಿಯನ್ನು ಕಚ್ಚಿ ಹಿಡಿಯುವ ಬುಡದ ಹಲ್ಲುಗಳದ್ದು. ಕರಗಿದ ಪ್ಲಾಸ್ಟಿಕ್ ಹೊರಬರುವ 0.4 ಮಿ.ಮೀ. ಮೂತಿ, ಅಂದರೆ ನಾಝಲ್, ಅಷ್ಟು ಸಣ್ಣ ಹಲ್ಲುಗಳ ಮೊನೆಯನ್ನು ಮೊಂಡಾಗಿಸುವುದರಿಂದ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲೇ ಹಿಡಿ ಜಾರಿತು. ಹಾಗಾಗಿ ಮುರಿದ ಹಳೆಯ ಹಿಡಿಯ ಲೋಹದ ಬುಡವನ್ನು ಕೊಯ್ದು, ಹೊರಮೈಯನ್ನು ಅರದಿಂದ ಷಟ್ಕೋನವಾಗಿ ಉಜ್ಜಿ, ಮುದ್ರಣವನ್ನು ನಡುವೆ ನಿಲ್ಲಿಸಿ ಬಿಗಿಯಾಗಿ ಕೂರಿಸಿ, ಮೇಲಿನ ಪದರಗಳನ್ನು ಮುಂದುವರಿಸಿದೆ. ಮೂರನೆಯ ದಿನ ಬೆಳಿಗ್ಗೆ, ಯಾರೂ ಮುಟ್ಟದೆ ಮೇಜಿನ ಮೇಲಿದ್ದ ಆ ಪ್ರತಿ ಷಟ್ಕೋನದ ಮೂಲೆಯಿಂದ ಬಿರುಕು ಬಿಟ್ಟಿತ್ತು. ಮುಂದಿನ ಎರಡೂ ಅದೇ ಜಾಗದಲ್ಲಿ ಸೀಳಿದವು.

ನಾನು ಮೊದಲು ಬೈದದ್ದು ಮಾರಾಟಗಾರನನ್ನು. ಒಣಗಿಸಿ ಮುಚ್ಚಿದ್ದೆಂದು ಚೀಟಿ ಅಂಟಿಸಿದ್ದ ಎಎಸ್‌ಎ ಎಳೆಯ ಸುರುಳಿ, ಒಳಗಿನ ತೇವದಿಂದ ನಾಝಲಿನಲ್ಲಿ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತಿತ್ತು. 80 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿದ ಮೇಲೆ ಸದ್ದು ನಿಂತಿತು, ಬಿರುಕು ನಿಲ್ಲಲಿಲ್ಲ. ತಣಿಯುವಾಗ ಎಎಸ್‌ಎ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ, ಒಳಗಿನ ಲೋಹವೋ ಜಗ್ಗುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಸದಾ ಸೆಳೆತದಲ್ಲಿದ್ದು ಚೂಪು ಮೂಲೆಯಲ್ಲಿ ಸೋಲುತ್ತದೆ. ಆರನೆಯದರಲ್ಲಿ ಮೂಲೆಗಳನ್ನು ದುಂಡಾಗಿಸಿ, ಸುತ್ತ 0.3 ಮಿ.ಮೀ. ಸಂದು ಬಿಟ್ಟು, ಪೂರ್ತಿ ತಣಿದ ಮೇಲೆ ಎಪಾಕ್ಸಿಯಿಂದ ಬುಡವನ್ನು ಅಂಟಿಸಿದೆ. ಇಷ್ಟೇ ಉಪಾಯ, ಇದಕ್ಕೆ ತಲುಪಲು ಹಿಡಿದದ್ದು ಆರು ವಾರ.

ಷಿಕಾಗೋದಲ್ಲಿ 2014ರಲ್ಲಿ ಲೋಕಲ್ ಮೋಟರ್ಸ್ ಸಂಸ್ಥೆ ಸ್ಟ್ರಾಟಿ ಕಾರಿನ ಒಡಲನ್ನೇ 44 ಗಂಟೆಗಳಲ್ಲಿ ಮುದ್ರಿಸಿತ್ತು. ಆದರೆ ಅವರೂ ಮೋಟಾರು, ಚಕ್ರ, ಸಸ್ಪೆನ್ಷನ್‌ಗಳನ್ನು ಹೊರಗಿನಿಂದಲೇ ತಂದು ಜೋಡಿಸಿದ್ದರೆಂಬುದು, ಲೋಹದ ಬುಡಕ್ಕೆ ಶರಣಾದ ನನಗೆ ಸಣ್ಣ ಸಮಾಧಾನ.

ಮುಂದಿನದು ಹಿಂದೀಪದ ಗ್ಯಾಸ್ಕೆಟ್. ಅದಕ್ಕೆ ರಬ್ಬರಿನಂತೆ ಬಾಗುವ ಟಿಪಿಯು ಪ್ಲಾಸ್ಟಿಕ್ಕಿನ ಸುರುಳಿ ಆಗಲೇ ಒಣಗುತ್ತಿದೆ. ಅಷ್ಟರಲ್ಲಿ ಬಲಬಾಗಿಲಿನ ಹಿಡಿಯೂ ಜಾರತೊಡಗಿದೆ, ಅದರ ಬುಡ ಪೂರ್ತಿ ಸವೆದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಬುಡ ಮಾತ್ರ ಕೊಡುವುದಿಲ್ಲ, ಇಡೀ ಹಿಡಿಯನ್ನೇ ಕೊಳ್ಳಬೇಕು ಎನ್ನುತ್ತಾರೆ. ಇಡೀ ಹಿಡಿ ಸಿಕ್ಕುವುದಾದರೆ ಮುದ್ರಿಸುವುದೇಕೆ ಎಂದು ದಯವಿಟ್ಟು ಯಾರೂ ಕೇಳಬಾರದು.