ಅಯಾನು ಬಿದ್ದಲ್ಲಿ ಏಳುವ ಅಲೆಗಳು

ಸುಮಾರು 1 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆರ್ಗಾನ್ ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ಸಿಲಿಕಾನ್ ಮೇಲ್ಮೈಗೆ ಬಡಿದಾಗ, ಅದು ಕೆಲವೇ ನ್ಯಾನೋಮೀಟರ್ ಆಳಕ್ಕೆ ನುಗ್ಗಿ, ಅಲ್ಲಿನ ಪರಮಾಣುಗಳನ್ನು ಕೇರಂ ಕಾಯಿಗಳಂತೆ ಚದುರಿಸುತ್ತದೆ. ಮೇಲ್ಪದರದ ಕೆಲವು ಪರಮಾಣುಗಳು ಬಂಧ ಕಡಿದುಕೊಂಡು ನಿರ್ವಾತಕ್ಕೆ ಹಾರಿಹೋಗುತ್ತವೆ. ಇದೇ ಸ್ಪಟರಿಂಗ್. ಹೀಗೆ ಸವೆದ ಮೇಲ್ಮೈ ನುಣುಪಾಗುತ್ತದೆಂದು ಯಾರಾದರೂ ಊಹಿಸಿಯಾರು, ಆದರೆ ಅಯಾನುಗಳು ಸಾಕಷ್ಟು ಓರೆಯಾಗಿ ಬಿದ್ದರೆ ಅಲ್ಲಿ ಸಾಲುಸಾಲಾಗಿ ನ್ಯಾನೋ ಅಲೆಗಳು ಮೂಡುತ್ತವೆ. ಉಬ್ಬಿನ ನೆತ್ತಿಗಿಂತ ತಗ್ಗಿನ ತಳಕ್ಕೆ ಹೆಚ್ಚು ಶಕ್ತಿ ಸೇರುವುದರಿಂದ ತಗ್ಗು ಬೇಗ ಸವೆದು ಇನ್ನಷ್ಟು ಆಳವಾಗುತ್ತದೆ ಎಂದು 1988ರಲ್ಲಿ ವಿಜ್ಞಾನಿಗಳಾದ ಬ್ರಾಡ್ಲಿ ಮತ್ತು ಹಾರ್ಪರ್ ವಿವರಿಸಿದರು. ಸೊಗಸಾದ ವಿವರಣೆಯೇನೋ ಹೌದು. ಆದರೆ ಅಯಾನುಗಳು ಲಂಬಕ್ಕೆ ಹತ್ತಿರದ ಕೋನದಲ್ಲಿ ಬಿದ್ದಾಗ ಶುದ್ಧ ಸಿಲಿಕಾನ್ ಸಪಾಟಾಗಿಯೇ ಉಳಿಯುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾರಿಹೋದ ಪರಮಾಣುಗಳಿಗಿಂತ, ಹಾರದೆ ಪಕ್ಕಕ್ಕೆ ಸರಿದು ಮೇಲ್ಮೈಯನ್ನು ಸಮಗೊಳಿಸುವವುಗಳದೇ ಅಲ್ಲಿ ಮೇಲುಗೈ ಎಂಬ ಈಚಿನ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.