ಸೆಲ್ಮಾದಿಂದ ಮಾಂಟ್‌ಗೊಮರಿ: ಮೆರವಣಿಗೆ ಹೋದ ದಿಕ್ಕಿನಲ್ಲೇ ಹೋಗಿ

ಅಟ್ಲಾಂಟಾ ಕಡೆಯಿಂದ ಅಮೆರಿಕದ ಅಲಬಾಮಾ ರಾಜ್ಯಕ್ಕೆ ಬರುವವರು ಅದರ ರಾಜಧಾನಿ ಮಾಂಟ್‌ಗೊಮರಿ ನೋಡಿ, ಉಳಿದ ಹೊತ್ತಿನಲ್ಲಿ ಸೆಲ್ಮಾ ಸೇತುವೆಗೆ ಓಡಿ, ಫೋಟೊ ತೆಗೆದು ವಾಪಸಾಗುವುದೇ ಹೆಚ್ಚು. ಇದು ತಲೆಕೆಳಗಾದ ಕ್ರಮ. 1965ರ ಮಾರ್ಚ್ 21ರಂದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಬಿಟ್ಟ ಮೆರವಣಿಗೆ 54 ಮೈಲಿ (87 ಕಿ.ಮೀ.) ನಡೆದು 25ರಂದು ಮಾಂಟ್‌ಗೊಮರಿಯ ಕ್ಯಾಪಿಟಲ್ (ರಾಜ್ಯದ ಶಾಸನಸಭಾ ಭವನ) ತಲುಪಿತು. ಸೆಲ್ಮಾದಲ್ಲಿ ಹೋಟೆಲ್ ಕಡಿಮೆ. ಮಾಂಟ್‌ಗೊಮರಿಯಲ್ಲಿ ರೂಮ್ ಮಾಡಿ, ಬೆಳಿಗ್ಗೆ ನೇರ ಸೆಲ್ಮಾಗೆ ಹೋಗಿ ಅಲ್ಲಿಂದ ಶುರು ಮಾಡಿ. ಕಾರು ಬೇಕೇ ಬೇಕು. ಮಾರ್ಚ್ ಮೊದಲ ವಾರಾಂತ್ಯದಲ್ಲಿ ವಾರ್ಷಿಕ ಸ್ಮರಣೆ ಇರುವುದರಿಂದ ಜನಜಂಗುಳಿ. ಜುಲೈ, ಆಗಸ್ಟ್‌ನ ಸೆಕೆಯಲ್ಲಿ ನಡೆಯುವುದು ಕಷ್ಟ.

ಸೇತುವೆಗಿಂತ ಮೊದಲು, ಸೆಲ್ಮಾದಲ್ಲೇ ಇರುವ ಡಲ್ಲಾಸ್ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗ) ಕೋರ್ಟ್ ಕಟ್ಟಡಕ್ಕೆ ಹೋಗಿ. ಆಗ ಮತದಾರರ ನೋಂದಣಿ ಇಲ್ಲಿ ತಿಂಗಳಿಗೆ ಎರಡೇ ದಿನ ನಡೆಯುತ್ತಿತ್ತು. ಬಂದ ಕಪ್ಪು ಜನರನ್ನು ನೆಪ ಹೇಳಿ ವಾಪಸು ಕಳಿಸುತ್ತಿದ್ದರು. ಅಮೇಲಿಯಾ ಬಾಯ್ಂಟನ್ ಮತ್ತು ಸ್ಥಳೀಯ ಮತದಾರರ ಸಂಘದವರು ಮಾರ್ಟಿನ್ ಲೂಥರ್ ಕಿಂಗ್ ಬರುವುದಕ್ಕೆ ವರ್ಷಗಳ ಮೊದಲೇ ಇದರ ವಿರುದ್ಧ ಜನರನ್ನು ಸೇರಿಸುತ್ತಿದ್ದರು. ಕೆಲಸ ಹೋಗುವ ಭಯವಿದ್ದರೂ 1965ರ ಜನವರಿ 22ರಂದು ಶಿಕ್ಷಕರೇ ಇಲ್ಲಿಗೆ ಮೆರವಣಿಗೆ ಬಂದರು. ಇದನ್ನು ಬಿಟ್ಟು ಸೇತುವೆ ನೋಡಿದರೆ ಅರ್ಧ ಕಥೆಯೇ ಕೈಗೆ ಸಿಗುವುದು.

ಆಮೇಲೆ ಮೆರವಣಿಗೆ ಹೊರಟ ಚರ್ಚ್, ಬ್ರೌನ್ ಚಾಪೆಲ್. ದುರಸ್ತಿಯ ಕಾರಣ ಒಳಗೆ ಬಿಡದೆ ಇರಬಹುದು, ಮೊದಲೇ ವಿಚಾರಿಸಿ. ಕಾರನ್ನು ಇಲ್ಲೇ ಬಿಟ್ಟು, ವಾಟರ್ ಅವೆನ್ಯೂ ಮೂಲಕ ಎಡ್ಮಂಡ್ ಪೆಟಸ್ ಸೇತುವೆಗೆ ನಡೆಯಿರಿ. ಕಾಲುದಾರಿ ಕಿರಿದು, ಪಕ್ಕದಲ್ಲೇ ವಾಹನಗಳು. ಮಕ್ಕಳ ಕೈ ಹಿಡಿದಿರಿ. ಸೇತುವೆಯ ನಡುಭಾಗ ಎತ್ತರ. ಮಾರ್ಚ್ 7ರ ಮೊದಲ ಪ್ರಯತ್ನದಲ್ಲಿ, ಮುಂದಾಳುಗಳಾದ ಜಾನ್ ಲೂಯಿಸ್, ಹೋಸಿಯಾ ವಿಲಿಯಮ್ಸ್ ಹಿಂದೆ ಹೊರಟ ಸುಮಾರು 600 ಜನರಿಗೆ ತಮ್ಮನ್ನು ಹೊಡೆದು ಹಿಮ್ಮೆಟ್ಟಿಸಿದ ಆಚೆ ದಡದ ಪೊಲೀಸರು ಕಂಡದ್ದು ಈ ಏರು ಹತ್ತಿದ ಮೇಲೆ. ಆಚೆಯಿಂದ ಬಂದರೆ ಇದು ಗೊತ್ತೇ ಆಗುವುದಿಲ್ಲ.

ಮುಂದಿನ ದಾರಿ 80ನೇ ಹೆದ್ದಾರಿ. ಇದನ್ನು ಪೂರ್ತಿ ನಡೆಯುವ ಆಸೆ ಬೇಡ, ವಾಹನಗಳ ವೇಗ ಅಪಾಯ. ಲೌಂಡ್ಸ್ ಕೌಂಟಿಯಲ್ಲಿ ಆಗ ದ್ವಿಪಥ ರಸ್ತೆಯಿದ್ದುದರಿಂದ, ಮಾರ್ಚ್ 21ರ ಮೆರವಣಿಗೆಯಲ್ಲಿ ಅಲ್ಲಿ 300 ಜನ ಮಾತ್ರ ನಡೆಯಬೇಕೆಂದು ನ್ಯಾಯಾಧೀಶ ಫ್ರ್ಯಾಂಕ್ ಜಾನ್ಸನ್ ಆದೇಶಿಸಿದ್ದರು. ರಾತ್ರಿ ತಂಗಲು ಹಾಲ್, ಸ್ಟೀಲ್, ಗಾರ್ಡ್ನರ್ ಕುಟುಂಬಗಳು ತಮ್ಮ ಜಮೀನು ಕೊಟ್ಟವು. ಊಟ ಸೆಲ್ಮಾದ ಚರ್ಚಿನಲ್ಲಿ ಬೇಯುತ್ತಿತ್ತು. ಅಷ್ಟು ದೊಡ್ಡ ಪಾತ್ರೆ ಬೇರೆ ಇಲ್ಲದೆ ಹೊಸ ಕಸದ ಡಬ್ಬಿಗಳಲ್ಲಿ ತುಂಬಿ ಸಾಗಿಸಿದರು. ಆ ತಾಣಗಳಿಗೆ ಫಲಕವಷ್ಟೇ ಇದೆ, ಖಾಸಗಿ ಜಮೀನಿನೊಳಗೆ ಕಾಲಿಡಬೇಡಿ.

ದಾರಿ ಮಧ್ಯದ ಲೌಂಡ್ಸ್ ಕೇಂದ್ರಕ್ಕೆ (ಮೆರವಣಿಗೆಯ ಇತಿಹಾಸ ತೋರಿಸುವ ಸಂಗ್ರಹಾಲಯ) ಕನಿಷ್ಠ ಒಂದು ಗಂಟೆ ಕೊಡಿ, ಶೌಚಾಲಯವೂ ಇಲ್ಲಿದೆ. ಹೆಚ್ಚಿನವರು ಕಪ್ಪು ಜನರೇ ಆಗಿದ್ದ ಈ ಕೌಂಟಿಯಲ್ಲಿ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಮುಂದೆ ಹೆಸರು ಬರೆಸಿದ ಗೇಣಿದಾರರನ್ನು ಜಮೀನ್ದಾರರು ಒಕ್ಕಲೆಬ್ಬಿಸಿದಾಗ, ಆ ಕುಟುಂಬಗಳು ಡೇರೆ ಹಾಕಿಕೊಂಡು ಬದುಕಿದ ಜಾಗವೇ ಇದು.

ಮಾಂಟ್‌ಗೊಮರಿಯಲ್ಲಿ ಮೊದಲು ಮೆರವಣಿಗೆಯ ಕೊನೆಯ ತಂಗುದಾಣವಾದ ಕ್ಯಾಥೊಲಿಕ್ ಆವರಣ ಸೇಂಟ್ ಜೂಡ್, ನಂತರ ಕಿಂಗ್ ಪಾದ್ರಿಯಾಗಿದ್ದ ಡೆಕ್ಸ್ಟರ್ ಅವೆನ್ಯೂ ಚರ್ಚ್, ಕ್ಯಾಪಿಟಲ್. ಗುಲಾಮಗಿರಿ, ವರ್ಣಭೇದದ ಇತಿಹಾಸ ಹೇಳುವ ಲೆಗಸಿ ಮ್ಯೂಸಿಯಂ ಎರಡನೇ ದಿನಕ್ಕಿರಲಿ, ಅರ್ಧ ದಿನ ಹಿಡಿಯುತ್ತದೆ. ಸೋಮವಾರ, ಮಂಗಳವಾರ ಸಾಮಾನ್ಯವಾಗಿ ರಜೆ. ಅಟ್ಲಾಂಟಾದಿಂದ ವಿಮಾನ ಹಿಡಿಯುವವರು ಗಮನಿಸಿ: ಅಲ್ಲಿನ ಗಡಿಯಾರ ಅಲಬಾಮಾಕ್ಕಿಂತ ಒಂದು ಗಂಟೆ ಮುಂದೆ.